ಘಾಟಿಯಲ್ಲಿ ಕಾಯುವ, ಗ್ಯಾರೇಜಿನಲ್ಲಿ ತಣ್ಣಗಿರುವ ಹಳೆಯ ಕಾರು: ದೋಷ ಹಿಡಿಯುವ ಕ್ರಮ

‘ಊರೊಳಗೆ ಓಡಾಡುವಾಗ ಏನೂ ತೊಂದರೆಯಿಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಎಂಜಿನ್‌ನ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹೋಗುತ್ತದೆ, ಅದೂ ಪ್ರತಿ ಸಲ ಅಲ್ಲ. ಗ್ಯಾರೇಜಿಗೆ ಒಯ್ದರೆ ಗಂಟೆಗಟ್ಟಲೆ ಚಾಲೂ ಇಟ್ಟರೂ ಬಿಸಿಯಾಗುವುದಿಲ್ಲ. ಏನು ಮಾಡಬೇಕು?’ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೆಯ ಕಾರು ಇಟ್ಟುಕೊಂಡವರು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಒಮ್ಮೆ ವಿವರವಾಗಿ ಬರೆದುಬಿಡುವುದು ವಾಸಿ.

ಸದಾ ಬಿಸಿಯಾಗುವ ಕಾರಿನ ದೋಷ ಹಿಡಿಯುವುದು ಸುಲಭ. ಒಮ್ಮೊಮ್ಮೆ ಮಾತ್ರ ಬಿಸಿಯಾಗುವ ಕಾರಿನದ್ದೇ ಕಷ್ಟ. ಇಂಥ ದೋಷ ಕಾಣಿಸಿಕೊಳ್ಳಲು ಏರು, ಭಾರ, ವೇಗ, ಹೊರಗಿನ ಬಿಸಿಲು ಇವುಗಳಲ್ಲಿ ಒಂದೆರಡಾದರೂ ಕೂಡಿಬರಬೇಕು. ಗ್ಯಾರೇಜಿನ ನೆರಳಿನಲ್ಲಿ ಅವು ಕೂಡಿಬರುವುದಿಲ್ಲ. ಆಗ ಮೆಕ್ಯಾನಿಕ್ ಊಹೆಯ ಮೇಲೆ ಮೊದಲು ಥರ್ಮೋಸ್ಟಾಟ್, ಆಮೇಲೆ ಪಂಪ್, ಕೊನೆಗೆ ರೇಡಿಯೇಟರ್ ಬದಲಿಸುತ್ತಾನೆ. ಹಣ ಹೋಗುತ್ತದೆ, ಬಿಸಿ ಉಳಿಯುತ್ತದೆ. ಆದ್ದರಿಂದ ‘ಯಾವ ಭಾಗ ಕೆಟ್ಟಿದೆ’ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ‘ಯಾವಾಗ ಬಿಸಿಯಾಗುತ್ತದೆ’ ಎಂಬುದು ಖಚಿತವಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಸ್ವಲ್ಪ ಹಿನ್ನೆಲೆ

ಎಂಜಿನ್‌ನ ಬಿಸಿಯನ್ನು ಹೊತ್ತೊಯ್ಯುವ ದ್ರವವೇ ಕೂಲೆಂಟ್. ನೀರಿಗೆ ಗ್ಲೈಕಾಲ್ ಎಂಬ ರಾಸಾಯನಿಕವನ್ನೂ ತುಕ್ಕು ತಡೆಯುವ ಅಂಶಗಳನ್ನೂ ಸೇರಿಸಿದ್ದು ಅದು. ಅದನ್ನು ಎಂಜಿನ್‌ನೊಳಗೆ ಸುತ್ತಿಸುವುದು ವಾಟರ್ ಪಂಪ್. ಹಳೆಯ ಮೆಕ್ಯಾನಿಕ್‌ಗಳು ಇದನ್ನು ‘ವಾಟರ್ ಬಾಡಿ’ ಎನ್ನುತ್ತಾರೆ. ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆದು, ಆಮೇಲೆ ತಾನೇ ತೆರೆದುಕೊಳ್ಳುವ ಬಾಗಿಲು ಥರ್ಮೋಸ್ಟಾಟ್. ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಹರಿಯುವಾಗ ಕೂಲೆಂಟ್ ಗಾಳಿಗೆ ಬಿಸಿ ಕೊಟ್ಟು ತಣಿಯುತ್ತದೆ. ಕಾರು ನಿಂತಾಗ ಆ ಗಾಳಿಯನ್ನು ಎಳೆಯುವುದು ಫ್ಯಾನ್. ಎಂಜಿನ್‌ನಿಂದ ರೇಡಿಯೇಟರ್‌ಗೆ ಬಿಸಿ ಕೂಲೆಂಟ್ ಒಯ್ಯುವ ರಬ್ಬರ್ ಕೊಳವೆ ಮೇಲಿನ ಹೋಸ್, ತಣಿದದ್ದನ್ನು ಎಂಜಿನ್‌ಗೆ ಮರಳಿ ತರುವುದು ಕೆಳಗಿನ ಹೋಸ್.

ಇನ್ನು ರೇಡಿಯೇಟರ್‌ನ ಮುಚ್ಚಳ. ಇದನ್ನು ಬರಿಯ ಮುಚ್ಚಳ ಎಂದುಕೊಂಡವರೇ ಹೆಚ್ಚು. ಅದರೊಳಗಿನ ಸ್ಪ್ರಿಂಗ್ ಇಡೀ ವ್ಯವಸ್ಥೆಯನ್ನು ಒತ್ತಡದಲ್ಲಿಡುತ್ತದೆ. ಅನೇಕ ಮುಚ್ಚಳಗಳ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ. ಅದು ಆ ಒತ್ತಡದ ಅಳತೆ. ಮಲೆನಾಡಿನವರಿಗೆ ಇದು ಬಯಲುಸೀಮೆಯವರಿಗಿಂತ ಹೆಚ್ಚು ಮುಖ್ಯ, ಏಕೆಂದರೆ ಎತ್ತರಕ್ಕೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಪ್ರತಿ 300 ಮೀಟರ್‌ಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಲೆಕ್ಕ ಹಿಡಿದರೆ, ಸಮುದ್ರಮಟ್ಟದಿಂದ 1,000 ಮೀಟರ್‌ಗಿಂತ ಮೇಲಿರುವ ಚಿಕ್ಕಮಗಳೂರಿನಲ್ಲಿ ತೆರೆದ ಪಾತ್ರೆಯ ನೀರು 96-97 ಡಿಗ್ರಿಗೇ ಕುದಿಯುತ್ತದೆ. 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯ ತುದಿಯಲ್ಲಾದರೆ 94ರ ಆಸುಪಾಸು. ಎಂಜಿನ್ ಆರೋಗ್ಯವಾಗಿದ್ದಾಗಲೂ ಕೂಲೆಂಟ್ 90ರ ಹತ್ತಿರವೇ ಇರುತ್ತದೆ. ಮುಚ್ಚಳ ಸರಿಯಿದ್ದರೆ ಒತ್ತಡದಿಂದಾಗಿ ಕುದಿಯುವ ಮಟ್ಟ 115 ಡಿಗ್ರಿ ದಾಟುತ್ತದೆ. ಸಡಿಲವಾಗಿದ್ದು ಒಳಗೆ ಬರಿಯ ನೀರಿದ್ದರೆ ಏರಿನಲ್ಲಿ ಕುದಿಯಲು ಕೆಲವೇ ಡಿಗ್ರಿ ಸಾಕು. ಕಡೂರಿನ ಬಯಲಿನಲ್ಲಿ ಹೇಗೋ ನಡೆದುಹೋಗುವ ಮುಚ್ಚಳ ಗಿರಿಯ ರಸ್ತೆಯಲ್ಲಿ ಕೈಕೊಡುವುದು ಹೀಗೆ.

ಬೇಕಾಗುವ ಸಾಮಾನು

ಟಾರ್ಚ್, ದಪ್ಪ ಬಟ್ಟೆ, ಕೈಗವಸು, ಒಂದು ಪುಟ್ಟ ನೋಟ್‌ಬುಕ್, ಹಳೆಯ ದಿನಪತ್ರಿಕೆ, ಸ್ಕ್ರೂಡ್ರೈವರ್, ತುಂಡು ವೈರ್, 100 ಡಿಗ್ರಿಯವರೆಗೆ ತೋರಿಸುವ ಥರ್ಮಾಮೀಟರ್, ಐದು ಲೀಟರ್ ಬ್ಯಾಟರಿ ನೀರು (ಲವಣಾಂಶವಿಲ್ಲದ ಶುದ್ಧ ನೀರು, ಆಟೊ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ). ಸಾಧ್ಯವಾದರೆ ದೂರದಿಂದಲೇ ತಾಪ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದನ್ನು ಕೊಳ್ಳಿ. ಬೇಡದ ಪಂಪ್ ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಹೊಳೆಯುವ ಲೋಹದ ಮೇಲೆ ಹಿಡಿದರೆ ಈ ಗನ್ ತಪ್ಪು ಲೆಕ್ಕ ಕೊಡುತ್ತದೆ. ಕಪ್ಪು ರಬ್ಬರ್ ಹೋಸ್ ಅಥವಾ ಬಣ್ಣ ಬಳಿದ ಮೇಲ್ಮೈಗೆ ಹಿಡಿಯಿರಿ.

ಕೆಲಸಕ್ಕಿಳಿಯುವ ಮುನ್ನ ಮೂರು ಎಚ್ಚರಿಕೆಗಳು. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ; ಒತ್ತಡ ಬಿಟ್ಟ ಕ್ಷಣವೇ ಒಳಗಿನ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ವಿದ್ಯುತ್ ಫ್ಯಾನ್ ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ತಾನೇ ತಿರುಗಬಹುದು, ಅದರ ಹತ್ತಿರ ಬೆರಳಿಡಬೇಡಿ. ಹೆಗಲ ಮೇಲಿನ ಟವೆಲ್, ಸೆರಗು, ದುಪಟ್ಟಾ ಬೆಲ್ಟ್‌ಗೆ ಸಿಗದಂತೆ ಮೊದಲೇ ತೆಗೆದಿಡಿ ಅಥವಾ ಬಿಗಿದು ಕಟ್ಟಿಕೊಳ್ಳಿ.

1. ಯಾವಾಗ ಬಿಸಿಯಾಯಿತು ಎಂಬುದನ್ನು ಬರೆದಿಡಿ

ಮುಳ್ಳು ಮೇಲೇರಿದಾಗಲೆಲ್ಲ ಇಷ್ಟನ್ನು ಬರೆಯಿರಿ: ಜಾಗ, ಏರೋ ಸಮತಟ್ಟೋ, ವೇಗ, ಗೇರ್, ಎಸಿ ಹಾಕಿತ್ತೇ, ಎಷ್ಟು ಜನ ಎಷ್ಟು ಸಾಮಾನು, ಹೊರಟು ಎಷ್ಟು ಹೊತ್ತಾಗಿತ್ತು, ಮುಳ್ಳು ನಿಧಾನವಾಗಿ ಏರಿತೋ ಜಿಗಿಯಿತೋ, ಇಳಿದದ್ದು ಹೇಗೆ. ಮನಸ್ಸಿನಲ್ಲೇ ಇರಲಿ ಎಂದರೆ ಆಗುವುದಿಲ್ಲ. ಗ್ಯಾರೇಜಿನಲ್ಲಿ ನಿಂತು ಹೇಳುವಾಗ ಎಲ್ಲ ಕಲಸಿಹೋಗಿರುತ್ತದೆ.

ಈ ಟಿಪ್ಪಣಿಯನ್ನು ಹೀಗೆ ಓದಿಕೊಳ್ಳಬಹುದು. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ಏರಿ, ಊರು ದಾಟಿ ವೇಗ ಹಿಡಿದೊಡನೆ ಇಳಿದರೆ ಗಾಳಿಯ ಕೊರತೆ; ಮೊದಲ ಅನುಮಾನ ಫ್ಯಾನ್ ಮೇಲೆ. ಕಡೂರು ರಸ್ತೆಯಂತಹ ಸಮತಟ್ಟಿನಲ್ಲಿ ವೇಗವಾಗಿ ಹೋಗುವಾಗ ಏರಿ, ನಿಧಾನಿಸಿದರೆ ಇಳಿಯುತ್ತಿದ್ದರೆ ಗಾಳಿಗೆ ಕೊರತೆಯಿಲ್ಲ, ಕೂಲೆಂಟ್ ಹರಿವಿಗೆ ಕೊರತೆ; ರೇಡಿಯೇಟರ್ ಒಳಗೆ ಕಟ್ಟಿರಬಹುದು, ಕೆಳಗಿನ ಹೋಸ್ ಕುಗ್ಗುತ್ತಿರಬಹುದು, ಪಂಪ್ ಸೋತಿರಬಹುದು. ಹೊರಟ ಹತ್ತು ಹದಿನೈದು ನಿಮಿಷದಲ್ಲಿ ಸರ್ರನೆ ಏರಿ, ಒಮ್ಮೆಲೇ ಇಳಿದು, ಆಮೇಲೆ ಇಡೀ ದಿನ ಸುಮ್ಮನಿದ್ದರೆ ಥರ್ಮೋಸ್ಟಾಟ್ ಅಂಟಿಕೊಳ್ಳುತ್ತಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಘಾಟಿ ಎಲ್ಲದರ ಮಿಶ್ರಣ. ಶಿರಾಡಿಯಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆಗೆ ಲಾರಿಯ ಹಿಂದೆ ಮೊದಲ ಗೇರಿನಲ್ಲಿ ತೆವಳುವಾಗ ಎಂಜಿನ್‌ಗೆ ಪೂರ್ತಿ ಭಾರ, ಎದುರು ಗಾಳಿ ಮಾತ್ರ ಇಲ್ಲ. ಅಲ್ಲಿ ಮಾತ್ರ ಬಿಸಿಯಾಗಿ ಬೇರೆಲ್ಲೂ ಆಗದಿದ್ದರೆ ವ್ಯವಸ್ಥೆಯ ಯಾವುದೋ ಒಂದು ಭಾಗ ಪೂರ್ತಿ ಕೆಟ್ಟಿಲ್ಲ, ಅರ್ಧ ಸೋತಿದೆ ಎಂದರ್ಥ. ಮುಂದಿನ ಹಂತಗಳನ್ನು ಒಂದನ್ನೂ ಬಿಡದೆ ಮಾಡಬೇಕಾದದ್ದು ಇಂಥ ಕಾರಿನವರೇ.

2. ಮಾಪಕವನ್ನೇ ಅನುಮಾನಿಸಿ

ಮುಳ್ಳು ಸೆಕೆಂಡುಗಳಲ್ಲಿ ತುದಿಗೆ ಜಿಗಿದು ಹಾಗೆಯೇ ಮರಳಿದರೆ ಅದು ತಾಪವಲ್ಲ, ವೈರಿಂಗ್. ಕೂಲೆಂಟ್ ಅಷ್ಟು ಬೇಗ ಕಾಯುವುದೂ ಇಲ್ಲ, ತಣಿಯುವುದೂ ಇಲ್ಲ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಸರಿದರೆ ಎಂಜಿನ್‌ಗೂ ಬಾಡಿಗೂ ನಡುವಿನ ಅರ್ತ್ ವೈರ್ ಸಡಿಲವಾಗಿದೆ ಅಥವಾ ಹಸಿರುಗಟ್ಟಿದೆ. ಮಳೆಗಾಲ ಉದ್ದವಿರುವ ನಮ್ಮ ಕಡೆ ಇದು ತೀರಾ ಸಾಮಾನ್ಯ. ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಯಿರಿ. ಆಮೇಲೆ ಎಂಜಿನ್ ಬಿಸಿಯಾದಾಗ ಥರ್ಮೋಸ್ಟಾಟ್ ಪಕ್ಕದ ಹೋಸಿನ ತಾಪವನ್ನು ಗನ್‌ನಿಂದ ಅಳೆದು, ಮುಳ್ಳು ಎಲ್ಲಿದ್ದಾಗ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಿ.

ಇದರ ಉಲ್ಟಾ ಸಂಗತಿಯೊಂದು ಹೆಚ್ಚು ಅಪಾಯಕಾರಿ. ಮೇಲೇರಿದ್ದ ಮುಳ್ಳು ಒಮ್ಮೆಲೇ ‘ತಣ್ಣಗೆ’ ಎಂಬಲ್ಲಿಗೆ ಬಿದ್ದರೆ ಸಮಾಧಾನಪಡಬೇಡಿ. ಕೂಲೆಂಟ್ ಸೋರಿಹೋಗಿ ತಾಪ ಅಳೆಯುವ ಸೆನ್ಸರ್ ಗಾಳಿಯಲ್ಲಿ ನಿಂತಿರಬಹುದು. ಎಂಜಿನ್ ತಕ್ಷಣ ಆರಿಸಿ.

3. ಬೆಳಗಿನ ತಣ್ಣನೆಯ ಎಂಜಿನ್‌ನಲ್ಲಿ ಮಟ್ಟ ನೋಡಿ

ರಾತ್ರಿಯಿಡೀ ನಿಂತ ಕಾರಿನ ಬಾನೆಟ್ ಎತ್ತಿ. ಬಹಳ ಜನ ಇಲ್ಲಿ ಕೂಲೆಂಟಿನ ಬಿಳಿ ಪ್ಲಾಸ್ಟಿಕ್ ಬಾಟಲಿಯನ್ನು ನೋಡಿ, ಗೆರೆಯವರೆಗೆ ತುಂಬಿದೆ ಎಂದು ಬಾನೆಟ್ ಮುಚ್ಚಿಬಿಡುತ್ತಾರೆ. ರೇಡಿಯೇಟರ್‌ಗೇ ಮುಚ್ಚಳವಿರುವ ಮಾರುತಿ 800, ಓಮ್ನಿಯಂತಹ ಹಳೆಯ ಗಾಡಿಗಳಲ್ಲಿ ಈ ನೋಟ ಸಾಲದು. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿಯಿರುವುದು ಪೂರ್ತಿ ಸಾಧ್ಯ. ಒಮ್ಮೊಮ್ಮೆ ಬಿಸಿಯಾಗುವ ಕಾರುಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು.

ಇದು ಆಗುವ ಬಗೆ ಹೀಗೆ. ಬಿಸಿಯಾದಾಗ ಹಿಗ್ಗಿದ ಕೂಲೆಂಟ್ ಮುಚ್ಚಳದ ಸ್ಪ್ರಿಂಗನ್ನು ಮೇಲೆತ್ತಿ ಸಣ್ಣ ಪೈಪಿನ ಮೂಲಕ ಬಾಟಲಿಗೆ ಹೋಗುತ್ತದೆ. ತಣಿದಾಗ ರೇಡಿಯೇಟರ್‌ನಲ್ಲಿ ಉಂಟಾಗುವ ಸೆಳೆತಕ್ಕೆ ಮುಚ್ಚಳದ ನಡುವಿನ ಪುಟ್ಟ ಬಿಲ್ಲೆ ತೆರೆದು, ಬಾಟಲಿಯಿಂದ ಅಷ್ಟೇ ಕೂಲೆಂಟ್ ಒಳಕ್ಕೆ ಮರಳಬೇಕು. ಆ ಬಿಲ್ಲೆ ತುಕ್ಕಿನಿಂದ ಅಂಟಿದ್ದರೆ, ಅಥವಾ ಬಾಟಲಿಗೆ ಹೋಗುವ ಪೈಪ್ ಬಿರಿದು ದ್ರವದ ಬದಲು ಗಾಳಿ ಎಳೆದುಕೊಳ್ಳುತ್ತಿದ್ದರೆ, ಹೋದದ್ದು ಹೊರಗೇ ಉಳಿಯುತ್ತದೆ. ಪ್ರತಿ ದೂರದ ಪಯಣದಲ್ಲೂ ಲೋಟದಷ್ಟು ಕಡಿಮೆ. ಯಾರೋ ಒಮ್ಮೆ ತುಂಬಿಸುತ್ತಾರೆ, ಕೆಲವು ವಾರ ಸರಿಯಿರುತ್ತದೆ, ಮತ್ತೆ ಘಾಟಿಯಲ್ಲಿ ಹಬೆ. ‘ಒಮ್ಮೊಮ್ಮೆ’ ಎಂಬುದರ ಗುಟ್ಟು ಅನೇಕ ಸಲ ಇಷ್ಟೇ.

ಮುಚ್ಚಳ ತೆರೆದು ನೋಡಿ. ಕೂಲೆಂಟ್ ಕುತ್ತಿಗೆಯವರೆಗೆ ಇರಬೇಕು. ಬೆರಳಿಟ್ಟರೆ ಕಂದು ಕೆಸರು ಅಂಟಿದರೆ ತುಕ್ಕು. ಎಣ್ಣೆಯ ಪಸೆ ಇದ್ದರೆ ನೇರವಾಗಿ 9ನೇ ಹಂತಕ್ಕೆ ಹೋಗಿ. ಮುಚ್ಚಳದ ರಬ್ಬರ್ ಮೃದುವಾಗಿರಬೇಕು. ಅದು ಗಟ್ಟಿಯಾಗಿ, ಕುತ್ತಿಗೆಯ ಅಂಚು ಉಂಗುರದಂತೆ ಅಚ್ಚೊತ್ತಿದ್ದರೆ ಮುಚ್ಚಳದ ಆಯಸ್ಸು ಮುಗಿದಿದೆ. ನಡುವಿನ ಬಿಲ್ಲೆಯನ್ನು ಉಗುರಿನಿಂದ ಎಳೆದು ಬಿಡಿ, ಪುಟಿದು ಕೂರಬೇಕು. ಇನ್ನೊಂದು ಗುರುತು: ಬಿಸಿಯಾಗಿ ಓಡಿ ತಣಿದ ಕಾರಿನ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಬಿಲ್ಲೆ ತೆರೆಯುತ್ತಿಲ್ಲ.

ಹೊಸ ಮುಚ್ಚಳ ಕೊಳ್ಳುವಾಗ ಹಳೆಯದರ ಅಂಕೆಯನ್ನೇ ಕೇಳಿ. 0.9ರ ಜಾಗದಲ್ಲಿ 1.1 ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಹಳೆಯ ರೇಡಿಯೇಟರ್, ಹಳೆಯ ಹೋಸುಗಳು ಆ ಹೆಚ್ಚಿನ ಒತ್ತಡಕ್ಕೆ ಬಾಯಿಬಿಡುತ್ತವೆ.

4. ಸೋರಿಕೆ ಹುಡುಕಿ

ಮಟ್ಟ ಇಳಿಯುತ್ತಿದ್ದರೆ ಎಲ್ಲಿ ಹೋಗುತ್ತಿದೆ ಎಂದು ತಿಳಿಯಬೇಕು. ರಾತ್ರಿ ಕಾರಿನಡಿ ಅಟ್ಟೆಕಾಗದ ಹಾಸಿಟ್ಟು, ಬೆಳಿಗ್ಗೆ ಅದರ ಮೇಲಿನ ಕಲೆ ನೋಡಿ. ಒಣಗಿದ ಕೂಲೆಂಟ್ ಹಸಿರು, ಗುಲಾಬಿ ಅಥವಾ ಬಿಳಿಯ ಪುಡಿಯಂತೆ ಹೋಸಿನ ಕ್ಲಿಪ್ಪುಗಳ ಸುತ್ತ, ರೇಡಿಯೇಟರ್ ಕೀಲುಗಳಲ್ಲಿ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ಉಳಿದಿರುತ್ತದೆ. ಆ ರಂಧ್ರ ಇರುವುದೇ ಪಂಪಿನ ಸೀಲ್ ಸೋತದ್ದನ್ನು ತಿಳಿಸಲು. ಅದನ್ನು ಎಂ-ಸೀಲ್ ಹಚ್ಚಿ ಮುಚ್ಚುವ ಜಾಣರೂ ಇದ್ದಾರೆ! ಹೀಟರ್ ಇರುವ ಕಾರುಗಳಲ್ಲಿ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಅಲ್ಲಿ ಜಿಗುಟು ತೇವವಿದ್ದು ಸಿಹಿ ವಾಸನೆ ಬಂದರೆ ಹೀಟರ್ ಸೋರುತ್ತಿದೆ.

ಸೋರುವ ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವುದು ಲಾರಿಯವರ ಹಳೆಯ ಉಪಾಯ. ನಡುದಾರಿಯಲ್ಲಿ ಮನೆ ಮುಟ್ಟಿಸುತ್ತದೆ, ನಿಜ. ಆದರೆ ಸಣ್ಣ ತೂತು ಮುಚ್ಚುವ ಪುಡಿ ಸಣ್ಣ ಕೊಳವೆಯನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವಗಳಿಗೂ ಇದೇ ಮಾತು.

5. ಫ್ಯಾನ್

ನಿಮ್ಮ ಕಾರಿನಲ್ಲಿರುವುದು ಯಾವ ಬಗೆ ಎಂದು ಮೊದಲು ನೋಡಿ. ಅಂಬಾಸಿಡರ್, ಹಳೆಯ ಜೀಪುಗಳಲ್ಲಿ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ. ಮಾರುತಿ 800ರಿಂದ ಈಚಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ವಿದ್ಯುತ್ ಮೋಟಾರ್. ಹಲವು ದೊಡ್ಡ ಡೀಸೆಲ್ ಗಾಡಿಗಳಲ್ಲಿ ಬೆಲ್ಟ್ ಮತ್ತು ಫ್ಯಾನ್ ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಡಬ್ಬಿಯಂತಹ ಜೋಡಣೆ ಇರುತ್ತದೆ; ಬಿಸಿಯಾದಂತೆ ಅದು ಫ್ಯಾನನ್ನು ಬಿಗಿಯಾಗಿ ಹಿಡಿಯುತ್ತದೆ. ಎಂಜಿನ್ ಆರಿಸಿದ ಮೇಲೆ, ಬಿಸಿಯಿರುವಾಗಲೇ, ಈ ಬಗೆಯ ಫ್ಯಾನನ್ನು ಕೈಯಿಂದ ತಿರುಗಿಸಿ. ತಡೆಯೇ ಇಲ್ಲದೆ ಗಿರಗಿರನೆ ಸುತ್ತಿದರೆ ಎಣ್ಣೆ ಸೋರಿಹೋಗಿದೆ.

ವಿದ್ಯುತ್ ಫ್ಯಾನ್ ಇರುವವರು ಕಾರನ್ನು ಅಂಗಳದಲ್ಲಿ ಚಾಲೂ ಇಟ್ಟು, ಎಸಿ ಹಾಕದೆ ಕಾಯಿರಿ. ಮುಳ್ಳು ನಡುವನ್ನು ಸ್ವಲ್ಪ ದಾಟುವಷ್ಟರಲ್ಲಿ ಫ್ಯಾನ್ ಶುರುವಾಗಿ, ಕೆಲವು ನಿಮಿಷದಲ್ಲಿ ನಿಲ್ಲಬೇಕು. ಹೀಗೆ ಮೂರು ನಾಲ್ಕು ಸುತ್ತು ನೋಡಿ. ಒಂದೇ ಸುತ್ತು ನೋಡಿ ಬಾನೆಟ್ ಮುಚ್ಚಿದರೆ ಮೋಸಹೋಗುತ್ತೀರಿ, ಏಕೆಂದರೆ ಒಮ್ಮೊಮ್ಮೆ ಕೈಕೊಡುವ ಮೋಟಾರ್ ಉಳಿದ ಸಲ ಚೆನ್ನಾಗಿಯೇ ತಿರುಗುತ್ತದೆ.

ಶುರುವಾಗದಿದ್ದರೆ ಎಂಜಿನ್ ಆರಿಸಿ, ಇಗ್ನಿಷನ್ ಮಾತ್ರ ಆನ್ ಇಟ್ಟು, ಮರದ ಹಿಡಿಯಿಂದ ಮೋಟಾರ್ ಮೈಗೆ ಮೆಲ್ಲಗೆ ತಟ್ಟಿ. ತಟ್ಟಿದೊಡನೆ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ತಟ್ಟಿದರೂ ತಿರುಗದಿದ್ದರೆ ಫ್ಯೂಸ್, ರಿಲೇ ನೋಡಿ. ಆಮೇಲೆ ತಾಪಕ್ಕೆ ತಕ್ಕಂತೆ ಫ್ಯಾನ್ ಹಚ್ಚುವ ಸ್ವಿಚ್ಚಿನ ಎರಡು ವೈರ್‌ಗಳನ್ನು ಬಿಡಿಸಿ, ತುಂಡು ವೈರ್‌ನಿಂದ ಕೂಡಿಸಿ. ಈಗ ತಿರುಗಿದರೆ ಮೋಟಾರ್ ಸರಿಯಿದೆ, ಸ್ವಿಚ್ ಕೆಟ್ಟಿದೆ. ಇದು ಕಾರ್ಬುರೇಟರ್ ಕಾಲದ ಕಾರುಗಳಿಗೆ ಹೇಳಿದ್ದು. ಕಂಪ್ಯೂಟರ್ ನಿಯಂತ್ರಣದ ಎಂಜಿನ್‌ಗಳಲ್ಲಿ ಸೆನ್ಸರ್ ವೈರ್‌ಗಳನ್ನು ಹೀಗೆ ಕೂಡಿಸಬೇಡಿ.

ತಿರುಗಿದರೆ ಸಾಲದು, ಸರಿಯಾದ ದಿಕ್ಕಿಗೆ ತಿರುಗಬೇಕು. ರಿಪೇರಿಯಲ್ಲಿ ವೈರ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗಿ, ಎದುರಿನಿಂದ ಬರುವ ಗಾಳಿಗೇ ಅಡ್ಡ ಬೀಸುತ್ತದೆ. ಎಂಜಿನ್‌ನ ಮುಂದಿರುವ ರೇಡಿಯೇಟರ್‌ನ ಹೊರಮುಖಕ್ಕೆ ದಿನಪತ್ರಿಕೆಯ ಹಾಳೆ ಹಿಡಿಯಿರಿ. ಫ್ಯಾನ್ ತಿರುಗುವಾಗ ಅದು ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಎಳೆತ ಸಾಲದು. ಹಾರಿಹೋದರೆ ಫ್ಯಾನ್ ಉಲ್ಟಾ.

6. ರೇಡಿಯೇಟರ್: ಹೊರಗೆ, ಒಳಗೆ

ಹೊರಗಿನ ಕೊಳೆ ಕಣ್ಣಿಗೆ ಕಾಣುವ ಜಾಗದಲ್ಲಿ ಇರುವುದಿಲ್ಲ. ಎಸಿ ಇರುವ ಕಾರಿನಲ್ಲಿ ಮುಂದೆ ಕಾಣುವುದು ಎಸಿಯ ಕಂಡೆನ್ಸರ್. ಅದರ ಮತ್ತು ರೇಡಿಯೇಟರ್ ನಡುವಿನ ಎರಡು ಬೆರಳ ಸಂದಿಯಲ್ಲಿ ತೋಟದ ರಸ್ತೆಯ ಕೆಮ್ಮಣ್ಣು, ಸಿಲ್ವರ್ ಓಕ್ ಎಲೆ, ಹುಲ್ಲಿನ ತೆನೆ, ಹುಳುಗಳ ರೆಕ್ಕೆ ಎಲ್ಲ ಸೇರಿ, ಎಂಜಿನ್ ಎಣ್ಣೆಯ ಪಸೆಯಲ್ಲಿ ಕಲಸಿ, ಕಂಬಳಿಯಂತೆ ಹಾಸಿಕೊಂಡಿರುತ್ತದೆ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ. ತೊಳೆಯುವಾಗ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಬಿಡಿ. ಸರ್ವೀಸ್ ಸ್ಟೇಷನ್ನಿನ ಒತ್ತಡದ ನೀರನ್ನು ಹತ್ತಿರದಿಂದ ಹೊಡೆಸಿದರೆ ರೇಡಿಯೇಟರ್‌ನ ತೆಳು ತಗಡುಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಒಳಗೆ ಕಟ್ಟಿರುವುದು ತಿಳಿಯಬೇಕಾದರೆ ಎಂಜಿನ್ ಪೂರ್ತಿ ಬಿಸಿಯಾಗಿ ಮೇಲಿನ ಹೋಸ್ ಕಾದ ಮೇಲೆ ಗನ್‌ನಿಂದ ರೇಡಿಯೇಟರ್‌ನ ಮೈಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ತಾಪ ಒಂದು ಬದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಇಳಿಯುತ್ತ ಹೋಗಬೇಕು. ನಡುವೆ ಒಂದು ಪಟ್ಟೆ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಕಟ್ಟಿವೆ. ಅರಸೀಕೆರೆ, ಕಡೂರು ಕಡೆಯ ಗಡಸು ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಹಾಕಿದ್ದರೆ ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿ ಪದರವೇ ಇಲ್ಲೂ ಕಟ್ಟುತ್ತದೆ. ಹಳ್ಳದ ನೀರು ಮೆದು ನಿಜ, ಆದರೆ ಕೆಸರು ತರುತ್ತದೆ. ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರ್ ಆದರೆ ರೇಡಿಯೇಟರ್ ರಿಪೇರಿಯವರು ತೊಟ್ಟಿ ಬಿಚ್ಚಿ, ಕೊಳವೆಗಳಿಗೆ ಕಡ್ಡಿ ಹಾಯಿಸಿ, ಬೆಸುಗೆ ಹಾಕಿಕೊಡುತ್ತಾರೆ. ಪ್ಲಾಸ್ಟಿಕ್ ತೊಟ್ಟಿಯ ಅಲ್ಯೂಮಿನಿಯಂ ರೇಡಿಯೇಟರ್ ಆದರೆ ಬದಲಿಸುವುದೇ ಲೇಸು.

7. ಥರ್ಮೋಸ್ಟಾಟ್: ತೆಗೆದೆಸೆಯಬೇಡಿ, ಪರೀಕ್ಷಿಸಿ

‘ನಮ್ಮ ದೇಶಕ್ಕೆ ಇದು ಬೇಡ ಸಾರ್’ ಎಂದು ಥರ್ಮೋಸ್ಟಾಟ್ ಕಿತ್ತು ಕೊಡುವ ಮೆಕ್ಯಾನಿಕ್‌ಗಳು ಎಲ್ಲ ಊರಲ್ಲೂ ಇದ್ದಾರೆ. ನಾನು ಇದಕ್ಕೆ ಪೂರ್ತಿ ವಿರೋಧಿ. ಅದಿಲ್ಲದಿದ್ದರೆ ಡಿಸೆಂಬರಿನ ಬೆಳಗಿನಲ್ಲಿ ನಮ್ಮ ಕಡೆ ಎಂಜಿನ್ ಕೆಲಸದ ತಾಪಕ್ಕೆ ಬರಲು ತಿಣುಕುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಂಜಿನ್ ಆಯಿಲ್‌ನಲ್ಲಿ ತೇವ ಉಳಿದು ಕೆಸರಾಗುತ್ತದೆ. ಅಷ್ಟೇ ಅಲ್ಲ, ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಅಡ್ಡದಾರಿಯ ಪೈಪನ್ನು ಮುಚ್ಚುವಂತಿರುತ್ತದೆ. ಅಲ್ಲಿ ಅದನ್ನು ಕಿತ್ತರೆ ಕೂಲೆಂಟ್‌ನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನೊಳಗೇ ಸುತ್ತುತ್ತ ಕಾರು ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಪರೀಕ್ಷೆ ಸುಲಭ. ತಣ್ಣಗಿರುವಾಗ ಬಿಚ್ಚಿ ತೆಗೆದು, ಅದರ ಮೇಲೆ ಅಚ್ಚಾದ ಅಂಕೆ ನೋಡಿ. ಸಾಮಾನ್ಯವಾಗಿ 82 ಅಥವಾ 88 ಇರುತ್ತದೆ. ಅದು ತೆರೆಯಲು ಶುರುವಾಗುವ ತಾಪ. ಅಡುಗೆಗೆ ಮತ್ತೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಅಂಕೆಯ ಎರಡು ಮೂರು ಡಿಗ್ರಿ ಆಚೀಚೆ ತೆರೆಯಲು ಶುರುವಾದರೆ ಸರಿ. ತಣಿಸಿ ಮತ್ತೆ ಮಾಡಿ, ಇನ್ನೊಮ್ಮೆ ಮಾಡಿ. ಅಂಟುವ ರೋಗ ಮೊದಲ ಸಲವೇ ಕಾಣಬೇಕೆಂದಿಲ್ಲ.

ಇಲ್ಲಿ ಮಲೆನಾಡಿನವರು ನೆನಪಿಡಬೇಕಾದದ್ದು: ಪೂರ್ತಿ ತೆರೆಯಲು ಅದಕ್ಕೆ ಇನ್ನೂ ಹತ್ತು ಹದಿನೈದು ಡಿಗ್ರಿ ಬೇಕು. ನಮ್ಮ ಎತ್ತರದಲ್ಲಿ ನೀರು 96ಕ್ಕೇ ಕುದಿಯುವುದರಿಂದ 88ರ ಥರ್ಮೋಸ್ಟಾಟ್ ಪಾತ್ರೆಯಲ್ಲಿ ಪೂರ್ತಿ ತೆರೆಯದಿರಬಹುದು. ಅದಕ್ಕಾಗಿ ಅದನ್ನು ಬಿಸಾಡಬೇಡಿ. ಮರಳಿ ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಅಲುಗಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಗಡೆಗೆ ಬರಲಿ. ಗಾಳಿ ಹೊರಹೋಗುವ ದಾರಿ ಅದು.

8. ಬೆಲ್ಟ್, ಪಂಪ್, ಕೆಳಗಿನ ಹೋಸ್

ಎಂಜಿನ್ ಆರಿಸಿ, ಪಂಪ್ ತಿರುಗಿಸುವ ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ತಗ್ಗಬೇಕು. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಭಾರ ಬಿದ್ದಾಗ ಜಾರುತ್ತದೆ. ಎಂಜಿನ್ ಆರಿಸಿ ಪಂಪಿನ ಪುಲ್ಲಿಯನ್ನು ಹಿಡಿದು ಅಲುಗಾಡಿಸಿ, ಆಟ ಇರಬಾರದು. ಪಂಪಿನೊಳಗಿನ ರೆಕ್ಕೆಗಳು ತುಕ್ಕು ಹಿಡಿದು ಸವೆದಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಉಳಿದೆಲ್ಲ ಸರಿಯಿದ್ದು ಬಿಸಿ ಮಾತ್ರ ಹೋಗದಿದ್ದಾಗ ಪಂಪ್ ಬಿಚ್ಚಿಸಬೇಕು.

ಕೆಳಗಿನ ಹೋಸನ್ನು ಹೆಚ್ಚಿನವರು ಮರೆಯುತ್ತಾರೆ. ಪಂಪ್ ಕೂಲೆಂಟನ್ನು ಎಳೆಯುವುದು ಇದರ ಮೂಲಕ. ರಬ್ಬರ್ ಮೆತ್ತಗಾಗಿ, ಒಳಗಿನ ಸ್ಪ್ರಿಂಗ್ ತುಕ್ಕು ತಿಂದು ಹೋಗಿದ್ದರೆ ವೇಗದಲ್ಲಿ ಎಳೆತಕ್ಕೆ ಕುಗ್ಗಿ ಮುಚ್ಚಿಕೊಳ್ಳುತ್ತದೆ. ನಿಧಾನಿಸಿದರೆ ಮತ್ತೆ ಉಬ್ಬುತ್ತದೆ. ಬಿಸಿ ಎಂಜಿನ್‌ನಲ್ಲಿ ಇನ್ನೊಬ್ಬರಿಗೆ ಆಕ್ಸಿಲರೇಟರ್ ಒತ್ತಿ ಸುಮಾರು 3,000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಹಿಡಿಯಲು ಹೇಳಿ, ದೂರದಿಂದ ಟಾರ್ಚ್ ಬಿಟ್ಟು ಹೋಸನ್ನು ನೋಡಿ.

9. ಹೆಡ್ ಗ್ಯಾಸ್ಕೆಟ್

ಎಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ತೆಳು ಹಾಳೆ ಇದು. ಸುಟ್ಟರೆ ಸಿಲಿಂಡರಿನ ಬಿಸಿ ಅನಿಲ ಕೂಲೆಂಟಿಗೆ ನುಗ್ಗುತ್ತದೆ. ಗುರುತುಗಳು: ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಇಳಿಯುತ್ತದೆ, ತಣ್ಣನೆಯ ಎಂಜಿನ್ ಹಚ್ಚಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಹಚ್ಚಿದರೆ ಗುಳ್ಳೆಗಳು ನಿಲ್ಲದೆ ಬರುತ್ತವೆ.

ಆದರೆ ನಮ್ಮ ಹವೆ ಇಲ್ಲಿ ಎರಡು ಸುಳ್ಳು ಸಾಕ್ಷಿ ಹೇಳುತ್ತದೆ. ಮಂಜು ಕವಿದ ಬೆಳಗಿನಲ್ಲಿ ಸೈಲೆನ್ಸರಿನಿಂದ ಬಿಳಿ ಹೊಗೆ ಬರುವುದು ಸಹಜ. ಅದು ಬರಿಯ ಆವಿ, ಎಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತದೆ. ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದರೆ ಮಾತ್ರ ಚಿಂತಿಸಿ. ಹಾಗೆಯೇ ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದಡಿ ಬೆಣ್ಣೆಯಂತಹ ನೊರೆ ಕೂರುತ್ತದೆ. ಅದನ್ನೇ ತೋರಿಸಿ ಹೆಡ್ ಇಳಿಸಬೇಕು ಎಂದರೆ ಒಪ್ಪಬೇಡಿ. ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು ನೋಡಿ. ಅಲ್ಲೂ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಗ ಮಾತು ನಿಜ. ಹೆಡ್ ಬಿಚ್ಚಿಸುವ ಮೊದಲು ಬಣ್ಣ ಬದಲಿಸುವ ದ್ರವದ ಪರೀಕ್ಷೆ ಮಾಡಿಸಿ. ರೇಡಿಯೇಟರ್ ಬಾಯಿಯ ಗಾಳಿಯಲ್ಲಿ ಸುಟ್ಟ ಅನಿಲವಿದ್ದರೆ ನೀಲಿ ದ್ರವ ಹಳದಿಯಾಗುತ್ತದೆ. ಹೆಡ್ ಇಳಿಸಲೇಬೇಕಾಗಿ ಬಂದರೆ, ಅದು ಬಾಗಿದೆಯೇ ಎಂದು ಅಳೆಸದೆ ಹೊಸ ಗ್ಯಾಸ್ಕೆಟ್ ಮಾತ್ರ ಹಾಕಿಸಬೇಡಿ.

10. ತಂಪು ವ್ಯವಸ್ಥೆಯ ಹೊರಗಿನ ಕಾರಣ

ಹತ್ತು ಕಿಲೋಮೀಟರ್ ಓಡಿಸಿ ನಾಲ್ಕೂ ಚಕ್ರಗಳ ಬ್ರೇಕಿಗೆ (ಡ್ರಮ್ ಅಥವಾ ಡಿಸ್ಕ್) ಗನ್ ಹಿಡಿಯಿರಿ. ಎದುರುಬದುರಿನ ಎರಡರಲ್ಲಿ ಒಂದು ಮಾತ್ರ ಬಹಳ ಬಿಸಿಯಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಎಂಜಿನ್ ಅದನ್ನೂ ಎಳೆಯುತ್ತಿದೆ. ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಸಮಯ, ಹಿಂದೆ ಬಿದ್ದಿದ್ದರೂ ಎಂಜಿನ್ ಕಾಯುತ್ತದೆ. ಟ್ಯೂನಿಂಗ್ ಮಾಡಿಸಿದ ಮೇಲೆ ಶುರುವಾದ ತೊಂದರೆಯಾದರೆ ಮೊದಲು ಅದನ್ನೇ ನೋಡಿಸಿ. ಏರಿನಲ್ಲಿ ಎತ್ತರದ ಗೇರಿನಲ್ಲಿ ಎಂಜಿನ್ ನರಳುವಂತೆ ಓಡಿಸುವವರಿಗೆ ಒಂದು ಮಾತು: ಒಂದು ಗೇರ್ ಇಳಿಸಿ. ಎಂಜಿನ್ ಜೋರಾಗಿ ಸುತ್ತಿದರೆ ಪಂಪೂ ಜೋರಾಗಿ ಸುತ್ತುತ್ತದೆ.

11. ಮತ್ತೆ ತುಂಬಿಸುವುದು

ಏನನ್ನೇ ಬಿಚ್ಚಿದರೂ ಒಳಗೆ ಗಾಳಿ ಸೇರುತ್ತದೆ. ಎಂಜಿನ್ ಸೀಟಿನಡಿ ಇದ್ದು ಪೈಪುಗಳು ಉದ್ದವಿರುವ ಓಮ್ನಿಯಂತಹ ಗಾಡಿಯಲ್ಲಿ ಇದು ಇನ್ನೂ ಹೆಚ್ಚು. ಕಾರಿನ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ನಮ್ಮ ಕಡೆ ಅಂಥ ಏರಿಗೇನು ಬರ! ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಬಾಯಿ ತೆರೆದಿಟ್ಟು, ಮೆಲ್ಲಗೆ ಸುರಿಯುತ್ತ ತಣ್ಣನೆಯ ಎಂಜಿನ್ ಹಚ್ಚಿ. ಥರ್ಮೋಸ್ಟಾಟ್ ತೆರೆದೊಡನೆ ಮಟ್ಟ ಧಡಕ್ಕನೆ ಇಳಿಯುತ್ತದೆ. ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ಈ ಇಡೀ ಕೆಲಸದಲ್ಲಿ ಮುಖ ದೂರವಿರಲಿ.

ಕೂಲೆಂಟ್ ಡಬ್ಬಿಯ ಮೇಲೆ ‘ನೇರ ಬಳಕೆಗೆ’ ಎಂದಿದ್ದರೆ ನೀರು ಬೆರೆಸಬೇಡಿ. ಗಟ್ಟಿ ಕೂಲೆಂಟ್ ಆದರೆ ಬ್ಯಾಟರಿ ನೀರಿನೊಂದಿಗೆ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಎರಡು ಬಣ್ಣದ ಕೂಲೆಂಟ್ ಕಲಸಬೇಡಿ. ಹಳೆಯ ಕೂಲೆಂಟನ್ನು ಅಂಗಳಕ್ಕೆ, ಚರಂಡಿಗೆ ಚೆಲ್ಲಲೇಬಾರದು. ಸಿಹಿಯಾಗಿರುವ ಗ್ಲೈಕಾಲನ್ನು ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸಾಯುತ್ತವೆ.

ದಾರಿಯಲ್ಲೇ ಮುಳ್ಳು ಏರಿದರೆ

ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಅದರ ಫ್ಯಾನ್ ಹಾಕಿ, ಕಿಟಕಿ ಇಳಿಸಿ. ಬೆವರುತ್ತೀರಿ, ಆದರೆ ಹೀಟರ್ ಎಂಬುದು ಇನ್ನೊಂದು ಪುಟ್ಟ ರೇಡಿಯೇಟರ್. ತಿರುವಿನಲ್ಲಿ ನಿಲ್ಲಬೇಡಿ, ಹಿಂದಿನ ಬಸ್ಸಿಗೆ ಕಾಣುವಷ್ಟು ನೇರವಾದ ಅಗಲ ಜಾಗ ಸಿಗಲಿ. ಹಬೆ ಬರುತ್ತಿದ್ದರೆ, ಕೂಲೆಂಟ್ ಚೆಲ್ಲುತ್ತಿದ್ದರೆ ಸಿಕ್ಕ ಜಾಗದಲ್ಲಿ ಬದಿಗೆ ಸರಿದು ಎಂಜಿನ್ ಕೂಡಲೇ ಆರಿಸಿ. ಮುಳ್ಳು ಮಾತ್ರ ಏರಿದ್ದು ಬೇರೇನೂ ಇಲ್ಲದಿದ್ದರೆ ಒಂದೆರಡು ನಿಮಿಷ ನಿಂತಲ್ಲೇ ಚಾಲೂ ಇಟ್ಟು ನೋಡಿ; ಇಳಿಯದಿದ್ದರೆ ಆರಿಸಿ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣಿದು ಮೆತ್ತಗಾದ ಮೇಲೆ ಮುಚ್ಚಳಕ್ಕೆ ದಪ್ಪ ಬಟ್ಟೆ ಹಾಕಿ, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ ಉಳಿದ ಒತ್ತಡ ಬಿಡಿ. ಕಾದ ಎಂಜಿನ್‌ಗೆ ಪಕ್ಕದ ಝರಿಯ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು, ಅದು ಬೇಡವೇ ಬೇಡ. ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ಘಾಟಿಯಲ್ಲಿ ರಾತ್ರಿ ಬೈಕಿನವರು ಬೀಳುವುದಕ್ಕೆ ಇಂಥ ಕಲ್ಲುಗಳೂ ಕಾರಣ.

ಗ್ಯಾರೇಜಿಗೆ ಹೋಗುವಾಗ

‘ಹೀಟ್ ಆಗುತ್ತದೆ, ನೋಡಿ’ ಎಂದಷ್ಟೇ ಹೇಳಿ ಕೀಲಿ ಕೊಟ್ಟು ಬರಬೇಡಿ. ನೋಟ್‌ಬುಕ್ ತೋರಿಸಿ: ಸಮತಟ್ಟಿನಲ್ಲಿ 80ರ ವೇಗದಲ್ಲಿ ಏರುತ್ತದೆ, ದಟ್ಟಣೆಯಲ್ಲಿ ಏರುವುದಿಲ್ಲ, ಫ್ಯಾನ್ ನೋಡಿದ್ದೇನೆ, ಮುಚ್ಚಳ ಹೊಸದು, ರೇಡಿಯೇಟರ್‌ನ ಎಡಭಾಗದಲ್ಲಿ ತಣ್ಣನೆಯ ಪಟ್ಟೆಯಿದೆ. ಇಷ್ಟು ಕೇಳಿದ ಒಳ್ಳೆಯ ಮೆಕ್ಯಾನಿಕ್ ನೇರವಾಗಿ ರೇಡಿಯೇಟರ್‌ಗೆ ಕೈ ಹಾಕುತ್ತಾನೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ರಿಪೇರಿಯ ಮಾರನೆಯ ಬೆಳಿಗ್ಗೆ ಮತ್ತು ಒಂದು ವಾರದ ನಂತರ, ತಣ್ಣಗಿರುವಾಗ, ಬಾಟಲಿಯನ್ನಲ್ಲ, ರೇಡಿಯೇಟರ್ ಬಾಯಿಯನ್ನೇ ತೆರೆದು ಮಟ್ಟ ನೋಡಿ. ಆಮೇಲೆ ಯಾವ ಏರಿನಲ್ಲಿ ಬಿಸಿಯಾಗುತ್ತಿತ್ತೋ ಅದೇ ಏರಿಗೆ, ಅದೇ ಭಾರ ಹಾಕಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲೇ ಹೋಗಿ ಬನ್ನಿ.